ಪೊಕುವಾಳ ಸರದಿ

ಮರಗೆಣಸು ಬೇಯಲು ಇಟ್ಟು, ಕೈ ಒರೆಸಿಕೊಂಡು, ಹನ್ನೆರಡು ಗುಳಿಯ ಓವಾರೆ ಆಟದ ಮಣೆಯನ್ನು ಪೊಕುವಾಳ ಮುಂದೆ ತಂದಿಟ್ಟೆ. ಜ್ವರ ತಲೆಗೇರಿ ಹನ್ನೊಂದು ದಿನ ಕಣ್ಣು ಬಿಡದೆ ಮಲಗಿದ್ದ ನನ್ನ ಮಗಳು ಆಸ್ಪತ್ರೆಯಿಂದ ಮನೆಗೆ ಬಂದು ಆರು ವಾರವಾಗಿತ್ತು. ಉಣ್ಣಿಸಿದರೆ ಉಣ್ಣುತ್ತಾಳೆ, ಕೂರಿಸಿದರೆ ಕೂರುತ್ತಾಳೆ. ಮಾತಿಲ್ಲ. "ಅವಳಿಗೆ ಚೆನ್ನಾಗಿ ಗೊತ್ತಿದ್ದುದನ್ನೇ ಮತ್ತೆ ಮತ್ತೆ ಮಾಡಿಸಿ. ಅವಳು ಮರಳಿ ಬಂದರೆ ಆ ದಾರಿಯಲ್ಲೇ ಬರಬೇಕು," ಎಂದಿದ್ದರು ವೈದ್ಯೆ. ಹತ್ತು ವರ್ಷದ ಪೊಕುವಾ ಈ ಆಟದಲ್ಲಿ ಮರದಡಿ ಕೂತು ಆಡುವ ಗಂಡಸರನ್ನೇ ಸೋಲಿಸಿ ಬರುತ್ತಿದ್ದಳು. ನನಗೆ ಕಲಿಸಿದ್ದೂ ಅವಳೇ.

"ಮೊದಲಿಂದ ಹೇಳ್ತೀನಿ, ಚಿನ್ನ. ಈ ಆರು ಗುಳಿ ನಿಂದು, ಆ ಆರು ನಂದು. ಗುಳಿಗೆ ನಾಲ್ಕು ಗಜ್ಜುಗ. ನಿನ್ನ ಒಂದು ಗುಳಿ ಬರಿದು ಮಾಡಿ, ಬಲಗಡೆಗೆ ಒಂದೊಂದೇ ಬಿತ್ತುತ್ತಾ ಹೋಗ್ಬೇಕು. ಕೊನೇ ಕಾಳು ನನ್ನ ಗುಳೀಲಿ ಬಿದ್ದು ಅಲ್ಲಿ ಎರಡೋ ಮೂರೋ ಆದ್ರೆ, ಅಷ್ಟನ್ನೂ ನೀನು ತಿಂತೀಯ, ಗೆದ್ದು ಮಡಿಲಿಗೆ ಹಾಕ್ಕೋತೀಯ."

ಸೊಪ್ಪಿನ ಬುಟ್ಟಿ ಹೊತ್ತು ಬಂದ ಪಕ್ಕದ ಮನೆಯ ಬಿರಾಗೊ ಅಲ್ಲೇ ನಿಂತಳು. ಓವಾರೆ ನಡೆಯುವಾಗ ನೋಡುವವರು ಬಾಯಿ ಮುಚ್ಚಿಕೊಂಡಿರುವುದು ನಮ್ಮಲ್ಲಿ ಇಲ್ಲ.

"ನೋಡೇ ಪೊಕುವಾ, ನಿಮ್ಮಮ್ಮ ಬೆರಳಿಟ್ಟು ಕಾಳು ಎಣಿಸ್ತಾಳೆ! ಥೂ, ನಾಚಿಕೆಗೆಟ್ಟೋಳು. ಕಣ್ಣಲ್ಲೇ ಎಣಿಸೋಕೆ ಬರಲ್ವೇನೇ ನಿಂಗೆ?"

"ನೀನು ನಿನ್ನ ಸೊಪ್ಪು ಎಣಿಸ್ಕೋ ಹೋಗೇ," ಎಂದೆ ನಾನು. ಇಬ್ಬರೂ ಓರೆಗಣ್ಣಿನಿಂದ ಪೊಕುವಾಳ ಮುಖ ನೋಡಿದೆವು. ಏನೂ ಇಲ್ಲ.

ಎಂದಿನಂತೆ ಎರಡೂ ಕಡೆಯ ಆಟವನ್ನು ನಾನೇ ಆಡಿದೆ. ನನ್ನ ಒಂದು ಗುಳಿಯಲ್ಲಿ ಹನ್ನೆರಡು ಕಾಳು ಸೇರಿದ ಮೇಲೆ ಅದನ್ನೆತ್ತಿ ಒಂದು ಸುತ್ತು ಬಿತ್ತಿದೆ. ಸುತ್ತು ಬಂದಾಗ ಹೊರಟ ಗುಳಿಯನ್ನು ದಾಟಿ ಹೋಗಬೇಕು. ನಾನು ಬೇಕೆಂದೇ ಅದರಲ್ಲೂ ಒಂದು ಹಾಕಿದೆ. ಮೊದಲಾದರೆ "ಕಳ್ಳಿ! ಅಮ್ಮ ಕಳ್ಳಿ!" ಎಂದು ಕೇರಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಈಗ ಅವಳ ಕಣ್ಣು ಗೋಡೆಯ ಮೇಲೇ ಇತ್ತು.

ಕೊನೆಗೆ, ಅವಳ ಒಂದು ಗುಳಿಯಲ್ಲಿ ಮೂರು, ನನ್ನ ತುದಿಯ ಗುಳಿಯಲ್ಲಿ ಒಂಟಿ ಕಾಳು ಉಳಿಯುವ ಹಾಗೆ ಮಾಡಿ, ಕೈ ಹಿಂದಕ್ಕೆ ತೆಗೆದುಕೊಂಡೆ. "ನಿನ್ನ ಸರದಿ, ಮಗಳೇ."

ಅವಳ ಕೈ ಎದ್ದಿತು.

ಆ ಮೂರನ್ನೇ ಎತ್ತಿತು. ಒಂದು. ಎರಡು. ಮೂರನೆಯದು ನನ್ನ ತುದಿಯ ಗುಳಿಗೆ ಬಿತ್ತು.

"ತಿನ್ನು! ತಿನ್ನು ಕಣೆ, ಅಮ್ಮನ್ನ ಬಿಡಬೇಡ!" ಬಿರಾಗೊ ಬುಟ್ಟಿಯನ್ನು ನೆಲಕ್ಕೆ ಎತ್ತಿಹಾಕಿದಳು.

ಪೊಕುವಾ ಆ ಎರಡು ಕಾಳನ್ನು ಎತ್ತಿದಳು. ತನ್ನ ಮಡಿಲಿಗೆ ಹಾಕಿಕೊಳ್ಳಲಿಲ್ಲ. ನನ್ನ ಮುಂದಿನ ಗುಳಿಗಳಿಗೆ ಬಿತ್ತಿದಳು. ಕೊನೆಯದು ಬಿದ್ದ ಗುಳಿಯಲ್ಲಿದ್ದುದನ್ನೆಲ್ಲ ಬಾಚಿ, ಮತ್ತೆ ಬಿತ್ತಿದಳು.

"ಚಿಕ್ಕ ಮಕ್ಕಳ ಆಟ ಆಡ್ತಿದಾಳೆ ಕಣೆ!" ಬಿರಾಗೊ ನನ್ನ ಭುಜ ಹಿಡಿದು ಅಲುಗಿಸಿದಳು. "ಮುಗಿದ ಕಡೆಯಿಂದ ಎತ್ತೋದು, ಬಿತ್ತೋದು. ಎಲ್ಲಾ ಮಕ್ಕಳೂ ಮೊದಲು ಕಲಿಯೋದು ಅದೇ ಅಲ್ವಾ? ಕಾಳಿಲ್ಲದ ಬರಿ ಗುಳಿ ಸಿಕ್ಕಿದ್ರೆ ನಿಲ್ಲಿಸ್ತಾಳೆ, ನೋಡ್ತಿರು."

ಹೌದು, ಬರಿ ಗುಳಿ ಸಿಕ್ಕರೆ ನಿಲ್ಲಬೇಕು. ಮೂರು ವರ್ಷದ ಮಗುವಿಗೂ ಅದು ಗೊತ್ತು. ನಿಂತರೆ, ಆಡುತ್ತಿರುವುದು ಅವಳೇ ಎಂದರ್ಥ. ಅವಳ ಬೆರಳಿನ ಹಿಂದೆಯೇ ನನ್ನ ಕಣ್ಣು ಸುತ್ತಿತು. ಕೊನೆಯ ಕಾಳು ಬರಿ ಗುಳಿಗೆ ಬಿತ್ತು.

ಆ ಒಂಟಿ ಕಾಳನ್ನೂ ಎತ್ತಿ ಅವಳು ಮುಂದಿನ ಗುಳಿಗೆ ಹಾಕಿದಳು. ಅಲ್ಲಿಂದ ಮತ್ತೆ ಬಾಚಿದಳು.

"ಇನ್ನೊಂದು ಸಲ ನೋಡೋಣ," ಎಂದಳು ಬಿರಾಗೊ. ಇನ್ನೊಂದು ಬರಿ ಗುಳಿ ಬಂತು, ಹೋಯಿತು. ಬಿರಾಗೊ ಬಗ್ಗಿ ಚೆಲ್ಲಿದ ಸೊಪ್ಪನ್ನು ಆರಿಸತೊಡಗಿದಳು.

ಪೊಕುವಾ ಈಗಲೂ ಗೋಡೆಯನ್ನೇ ನೋಡುತ್ತಿದ್ದಳು. ನಾನು ಅವಳ ಮಣಿಕಟ್ಟು ಹಿಡಿದೆ. ನನ್ನ ಹಿಡಿತದೊಳಗೇ ಬೆರಳುಗಳು ಬಿಚ್ಚುತ್ತಿದ್ದವು, ಮುಚ್ಚುತ್ತಿದ್ದವು. ಬಾವಿಯ ಹಗ್ಗ ಸೇದಿ ಸೇದಿ ಮಲಗಿದ ಮೇಲೂ ನನ್ನ ಕೈ ಹಾಗೇ ಮಾಡುತ್ತದೆ. ಆಗ ಅದರಲ್ಲಿ ನಾನು ಇರುವುದಿಲ್ಲ.

ಅವಳ ಕೈಯಲ್ಲಿದ್ದ ಕಾಳು ಜಾರಿ ನೆಲಕ್ಕೆ ಉರುಳಿದವು. ನಾನು ಮಣಿಕಟ್ಟು ಬಿಟ್ಟ ಮೇಲೂ ಬರಿಬೆರಳು ಗುಳಿಯಿಂದ ಗುಳಿಗೆ ಬಿತ್ತುತ್ತಲೇ ಇತ್ತು. ಅದನ್ನು ನೋಡಲಾರದೆ, ನೆಲದಿಂದ ಕಾಳನ್ನು ಆರಿಸಿ ಆ ಕೈಗೆ ತುಂಬಿದೆ.