ಎಂಟು ಮಡಿಕೆಯ ಟಾರ್ಪಾಲು

ನಮ್ಮಪ್ಪನಿಗೆ ಬಿಚ್ಚಿ ಹರಡಿದ ಬಟ್ಟೆ ಕಂಡರಾಗದು. ಇಪ್ಪತ್ತೆರಡು ವರ್ಷ ಇಸ್ತ್ರಿ ಗಾಡಿಯ ಪಕ್ಕ ನಿಂತು ಅಂಟಿಕೊಂಡ ಕಾಯಿಲೆ. ಕೈ ಒರೆಸಿದ ಟವೆಲ್ಲನ್ನು ಮಡಚುತ್ತಾನೆ, ಯಾರೂ ಓದದ ಪೇಪರನ್ನು ಮಡಚುತ್ತಾನೆ. ಬಸ್ಸಿನಲ್ಲಿ ಪಕ್ಕದವನ ತೊಡೆಯ ಮೇಲಿದ್ದ ಸ್ವೆಟರನ್ನು ಮಡಚಿಕೊಟ್ಟು ಬೈಸಿಕೊಂಡದ್ದೂ ಉಂಟು. ಗಾಡಿಯಲ್ಲಿ ಇಸ್ತ್ರಿ ಮಾಡುವವಳು ಅಮ್ಮ, ಮಡಚುವವನು ಅಪ್ಪ, ಬೋರ್ಡಿನ ಮೇಲಿನ ಹೆಸರು ಅಪ್ಪನದು. ಯಾರಾದರೂ ದೊಡ್ಡವರು ಬಂದು ನಿಂತರೆ ಮಾತ್ರ ಅವನು ಅಮ್ಮನನ್ನು ಮೊಣಕೈಯಲ್ಲಿ ಸರಿಸಿ, ಫೋಟೊ ತೆಗೆಸಿಕೊಳ್ಳುವವನ ಮುಖ ಮಾಡಿಕೊಂಡು, ಇಸ್ತ್ರಿ ಪೆಟ್ಟಿಗೆ ಹಿಡಿಯುತ್ತಾನೆ.

ಅಂಥ ದೊಡ್ಡವರೊಬ್ಬರು ಗುರುವಾರ ಬರುವವರಿದ್ದರು. ಬಸ್ ನಿಲ್ದಾಣದೆದುರಿನ ಲಾಡ್ಜಿನ ಮ್ಯಾನೇಜರು. ನಲವತ್ತು ಕೋಣೆಗಳ ಚಾದರ, ದಿಂಬಿನ ಕವರು ಎಲ್ಲವನ್ನೂ ವರ್ಷಪೂರ್ತಿ ನಮಗೇ ಕೊಡುವ ಮಾತಾಡಿದ್ದರು. ತಕರಾರು ಒಂದೇ: ಗಾಡಿಯ ಮೇಲೆ ಕಟ್ಟಿದ ನಮ್ಮ ಕ್ಯಾನ್ವಾಸ್ ಟಾರ್ಪಾಲು ಸೋರುತ್ತಿತ್ತು.

"ನನ್ನ ಚಾದರದ ಮೇಲೆ ಒಂದು ಹನಿ ಬಿದ್ರೂ ಎದುರುಗಡೆ ಮೆಷಿನ್ ಲಾಂಡ್ರಿಗೆ ಕೊಡ್ತೀನಿ, ನೋಡಿ" ಅಂದಿದ್ದರು.

ಆ ಲಾಂಡ್ರಿ ಬಂದಮೇಲೆ ನಮ್ಮಲ್ಲಿಗೆ ಬರುವ ಬಟ್ಟೆ ಅರ್ಧಕ್ಕಿಳಿದಿತ್ತು. ಲಾಡ್ಜೂ ಕೈತಪ್ಪಿದರೆ ಗಾಡಿ ಮಾರಿ, ಅದೇ ಲಾಂಡ್ರಿಯ ಬಾಗಿಲಲ್ಲಿ ಕೆಲಸ ಕೇಳುತ್ತಾ ನಿಲ್ಲಬೇಕಾಗುತ್ತದೆ ಎಂದು ಅಮ್ಮನಿಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು; ಆದರೆ ಅವನು ಆ ಸಂಗತಿಯನ್ನೂ ಮಡಚಿ ಎಲ್ಲೋ ಇಟ್ಟಿದ್ದ.

ಟಾರ್ಪಾಲಿನ ಹೊಣೆ ಹೊತ್ತವನು ನನ್ನ ಸೋದರಮಾವ. ಬಣ್ಣದಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಾನೆ. ಡಬ್ಬಿಯೊಳಗಿರುವ ದ್ರವವೆಲ್ಲ ತನ್ನ ನೆಂಟರೆಂದು ನಂಬಿದವನು.

"ಅಕ್ಕಾ, ಹೊಸದು ಯಾಕೆ? ಮೇಣ, ಟರ್ಪೆಂಟೈನು, ಒಂದು ಬ್ರಷ್ಷು. ಮನೇಲೇ ಆಗೋ ಕೆಲಸ. ಬಾತುಕೋಳಿ ನೋಡಿ ನಾಚ್ಕೋಬೇಕು, ಹಾಗ್ ಮಾಡ್ಕೊಡ್ತೀನಿ."

ಸೋಮವಾರ ಬೆಳಿಗ್ಗೆ, ತೊಳೆದು ಚೆನ್ನಾಗಿ ಒಣಗಿಸಿದ್ದ ಟಾರ್ಪಾಲನ್ನು ಅಂಗಳದಲ್ಲಿ ಹಾಸಿದೆವು. ಕುದಿಯುವ ನೀರಿನ ಮೇಲಿಟ್ಟ ಪಾತ್ರೆಯಲ್ಲಿ ಮೇಣ ಕರಗಿತು. ಪಾತ್ರೆ ಅಮ್ಮನದು, ಅವಳನ್ನು ಯಾರೂ ಕೇಳಿರಲಿಲ್ಲ. ಮಾವ ಒಲೆ ಆರಿಸಿ, ಪಾತ್ರೆಯನ್ನು ದೂರ ಒಯ್ದು, ಬಾಂಬು ಬಿಚ್ಚುವವನ ಗಾಂಭೀರ್ಯದಿಂದ ಟರ್ಪೆಂಟೈನ್ ಸುರಿದ. ಆಮೇಲೆ ಬ್ರಷ್ಷು ಹಿಡಿದುಕೊಂಡು ನೂಲಿನ ಸಂದುಗಳಿಗೆ ಮೇಣ ಹೇಗೆ ಇಳಿಯುತ್ತದೆ ಎಂಬ ಬಗ್ಗೆ ಅರ್ಧ ಗಂಟೆ ಮಾತಾಡಿದ. ಅಷ್ಟರಲ್ಲಿ ನಾನೂ ಅಮ್ಮನೂ ಹಳೆಯ ಚಿಂದಿಯಿಂದ ಮುಕ್ಕಾಲು ಭಾಗ ಬಳಿದು ಮುಗಿಸಿದ್ದೆವು.

"ಭಾವ, ಒಂದೇ ಒಂದು ಮಾತು" ಎಂದ ಹೊರಡುವಾಗ. "ಎರಡು ದಿನ ಹಗ್ಗದ ಮೇಲೆ ಹರವಿರ್ಬೇಕು. ಗಾಳಿ ಆಡ್ಬೇಕು. ದಮ್ಮಯ್ಯ, ಮಡಚ್ಬೇಡಿ."

"ಬಟ್ಟೆ ವಿಷ್ಯ ನಂಗೇ ಹೇಳ್ಕೊಡ್ತೀಯೇನಯ್ಯಾ?"

ಅಪ್ಪ ಸಂಜೆ ಐದರವರೆಗೆ ತಡೆದುಕೊಂಡ. ಹಗ್ಗದ ಮೇಲೆ ಅಷ್ಟು ದೊಡ್ಡ ಬಟ್ಟೆ ಅಂಕೆ ಶಂಕೆಯಿಲ್ಲದೆ ಜೋಲುತ್ತಿರುವುದನ್ನು ಅವನ ಜೀವ ಅದಕ್ಕಿಂತ ಹೆಚ್ಚು ಸಹಿಸದು. ನಾವು ಗಾಡಿಯ ಹತ್ತಿರ ಇದ್ದಾಗ ಮನೆಗೆ ಬಂದು, ಅಂಚಿಗೆ ಅಂಚು ಕೂಡಿಸಿ ಎಂಟು ಮಡಿಕೆ ಮಾಡಿದ. ಮಡಿಕೆ ಕೂರಲಿ ಎಂದು ತನ್ನ ಹಾಸಿಗೆಯಡಿಗಿಟ್ಟ. ನಮಗೆ ಹೇಳಿದ್ದು ಇಷ್ಟೇ: "ಒಣಗಿತ್ತು, ತೆಗ್ದಿಟ್ಟಿದೀನಿ." ಮೂರು ರಾತ್ರಿ ಅದರ ಮೇಲೆ ಮಲಗಿ ಸೀನಿದ.

ಗುರುವಾರ ಬೆಳಿಗ್ಗೆ ಮೋಡ ಕವಿದಿತ್ತು. ಅಪ್ಪ ಹಾಸಿಗೆ ಎತ್ತಿ ಟಾರ್ಪಾಲನ್ನು ಹೊರಗೆ ತಂದ. ತಂದದ್ದು ಟಾರ್ಪಾಲಲ್ಲ, ಹಲಗೆ. ಎಂಟು ಮಡಿಕೆಗಳೂ ಒಂದಕ್ಕೊಂದು ಕಚ್ಚಿಕೊಂಡು ಒಂದೇ ದೇಹವಾಗಿದ್ದವು. ನೆಲಕ್ಕಿಟ್ಟರೆ ಟಕ್ ಎಂದಿತು.

ಫೋನು ಹೋಗಿ ಮಾವ ಓಡಿಬಂದ. "ಮಡಚ್ಬೇಡಿ ಅಂದಿದ್ದೆ!"

"ಮಡಚಿದ್ರೆ ಅಂಟತ್ತೆ ಅಂತ ಹೇಳಿದ್ಯಾ?"

"ಅದನ್ನೂ ಹೇಳ್ಬೇಕಾ ಭಾವ?"

"ಅಂಚು ನೋಡು ಹೆಂಗ್ ಕೂತಿದೆ. ಒಂದು ನೂಲು ಆಚೆ ಈಚೆ ಇಲ್ಲ."

ಇಬ್ಬರೂ ತಪ್ಪು ಯಾರದೆಂದು ತೀರ್ಮಾನಿಸುತ್ತಿರುವಾಗ ಅಮ್ಮ ಇಸ್ತ್ರಿ ಪೆಟ್ಟಿಗೆಯ ವೈರನ್ನು ಅಂಗಳದವರೆಗೆ ಎಳೆದಳು. ನಮ್ಮಲ್ಲಿರುವುದು ಅದೊಂದೇ ಪೆಟ್ಟಿಗೆ. ಮೇಲಿನ ಪದರಕ್ಕೆ ಹದವಾದ ಬಿಸಿ ತೋರಿಸಿದಳು. ಮೇಣ ಮೆತ್ತಗಾದಾಗ ನಾನು ಎಳೆದೆ. ಪದರ ಚರ್ರೆಂದು ಬಿಟ್ಟುಕೊಂಡಿತು. ಹೀಗೆ ಒಂದೊಂದೇ. ಎರಡು ಗಂಟೆ ಹಿಡಿಯಿತು. ಬಿಸಿಗೆ ಮೇಣ ಇನ್ನಷ್ಟು ಒಳಗಿಳಿದು ಟಾರ್ಪಾಲು ಮಾವ ಹೇಳಿದ್ದಕ್ಕಿಂತ ಚೆನ್ನಾಗಿಯೇ ಆಯಿತು. ಈ ವಿಧಾನ ತನ್ನ ತಲೆಯಲ್ಲೂ ಇತ್ತೆಂದು ಮಾವ ತಿಳಿಸಿದ.

ಗಾಡಿಯ ಕಂಬಗಳಿಗೆ ಟಾರ್ಪಾಲು ಬಿಗಿಯುವಷ್ಟರಲ್ಲಿ ಮ್ಯಾನೇಜರು ಆಟೋದಿಂದ ಇಳಿದರು. ಅವರ ಹಿಂದೆಯೇ ಮಳೆ ಇಳಿಯಿತು. ಹನಿಗಳು ಕ್ಯಾನ್ವಾಸಿನ ಮೇಲೆ ಗೋಲಿಗಳಂತೆ ಉರುಳಿ ರಸ್ತೆಗೆ ಬಿದ್ದವು. ಒಳಗೆ ಒಂದೂ ಇಲ್ಲ. ಮ್ಯಾನೇಜರು ಕತ್ತೆತ್ತಿ ನೋಡಿದರು, ತಲೆದೂಗಿದರು, ಬ್ಯಾಗಿನಿಂದ ಬಿಳಿ ಚಾದರವೊಂದನ್ನು ತೆಗೆದರು.

ಅಮ್ಮ ಆಗಷ್ಟೇ ಪೆಟ್ಟಿಗೆಯ ತಳಕ್ಕೆ ಉಜ್ಜಲು ಉಪ್ಪಿನ ಪೊಟ್ಟಣ ಬಿಚ್ಚುತ್ತಿದ್ದಳು. "ರೀ, ಒಂದ್ನಿಮಿಷ, ತಳಕ್ಕೆ ಮೇಣ..."

"ಆಚೆ ಸರಿ, ನಾನಿದೀನಲ್ಲ" ಎಂದು ಅಪ್ಪ ಮೊಣಕೈ ಆಡಿಸಿದ. ಫೋಟೊದ ಮುಖ ಬಂತು. ಪೆಟ್ಟಿಗೆ ಚಾದರದ ಉದ್ದಕ್ಕೂ ರಾಜಠೀವಿಯಿಂದ ಸಾಗಿತು. ಅದು ಹೋದಲ್ಲೆಲ್ಲ ಬಿಳಿ ಬಟ್ಟೆ ಬೋಂಡಾ ಕಟ್ಟಿದ ಕಾಗದದ ಹಾಗೆ ಪಾರದರ್ಶಕವಾಯಿತು.

ಮಾವ ಬೆರಳಿನಿಂದ ಚಾದರದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದ. ಹನಿಗಳು ಉರುಳಿಹೋದವು. "ನೋಡಿದ್ರಾ ಸಾರ್, ಇನ್ನು ಟೀ ಚೆಲ್ಲಿದ್ರೂ ಕಲೆ ಆಗಲ್ಲ!"

"ಇದ್ರ ಮೇಲೆ ಮಲಗೋರು ಮನುಷ್ಯರು ಕಣಯ್ಯಾ, ಎಮ್ಮೆಗಳಲ್ಲ" ಎಂದರು ಮ್ಯಾನೇಜರು. "ಇದು ನೆಲ ಒರೆಸೋಕೂ ಬರಲ್ಲ. ನೀರೇ ಹೀರಲ್ವಲ್ಲ!"

ಬ್ಯಾಗು ಎತ್ತಿಕೊಂಡು ಎದುರಿನ ಲಾಂಡ್ರಿಯತ್ತ ಹೊರಟರು. ಟಾರ್ಪಾಲಿನ ಅಂಚಿಗೆ ಬಂದು ನಿಂತರು. ಕೊಡೆ ತಂದಿರಲಿಲ್ಲ. ರಸ್ತೆ ಹೊಳೆಯಾಗಿತ್ತು. ಸುತ್ತಮುತ್ತ ಒಣಗಿದ ಜಾಗವೆಂದರೆ ಅವರು ನಿಂತದ್ದೊಂದೇ.

ಅಮ್ಮ ಪೇಪರಿನ ಮೇಲೆ ಉಪ್ಪು ಹರಡಿ ಬಿಸಿ ಪೆಟ್ಟಿಗೆಯನ್ನು ಉಜ್ಜತೊಡಗಿದಳು. "ಮಳೆ ನಿಲ್ಲೋತನಕ ಇನ್ನೊಂದು ಕೊಡಿ, ಸಾರ್. ದಿನಾ ಇಸ್ತ್ರಿ ಮಾಡೋಳು ನಾನು. ಇವತ್ತು ಮಾಡಿದ್ದು ಬೋರ್ಡು."

ಮ್ಯಾನೇಜರು ನಕ್ಕರೋ ಕೆಮ್ಮಿದರೋ, ದಿಂಬಿನ ಕವರೊಂದನ್ನು ಕೊಟ್ಟರು. ಅಮ್ಮ ತಳವನ್ನು ಮೊದಲು ತನ್ನ ಸೆರಗಿನ ಮೇಲೆ ಆಡಿಸಿ ನೋಡಿದಳು. ಆಮೇಲೆ ಕವರಿನ ಮೇಲೆ ಇಟ್ಟಳು. ಅವರು ಅದನ್ನು ಬೆಳಕಿಗೆ ಹಿಡಿದರು, ಮೂಸಿದರು, ಕೆನ್ನೆಗೆ ಒತ್ತಿದರು. ಹೀಗೆ ಆರು ಕವರುಗಳಾದವು.

"ಸೋಮವಾರದಿಂದ ಗಂಟು ಕಳಿಸ್ತೀನಿ" ಎಂದರು ಕೊನೆಗೆ. "ನಿಮ್ಮ ಕೈಗೆ, ಅಮ್ಮಾ. ಇವರಿಬ್ಬರೂ ಮುಟ್ಟೋ ಹಾಗಿಲ್ಲ. ಪಕ್ಕದಲ್ಲಿ ನಿಲ್ಲೋ ಹಾಗೂ ಇಲ್ಲ."

ಗಾಡಿ, ಮ್ಯಾನೇಜರು, ಅಮ್ಮ, ನಾನು, ಬಟ್ಟೆಯ ಬ್ಯಾಗು. ಟಾರ್ಪಾಲಿನಡಿ ಇದ್ದ ಜಾಗ ಅಷ್ಟೇ. ಅಪ್ಪನೂ ಮಾವನೂ ಹೊರಗೆ ಮಳೆಯಲ್ಲಿ ನಿಂತರು. ಅಂಗಿಗಳು ಮೈಗಂಟಿದ್ದವು. ಇಬ್ಬರೂ ಸೊಂಟದ ಮೇಲೆ ಕೈಯಿಟ್ಟು ಟಾರ್ಪಾಲನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು.

"ಒಂದು ಹನಿ ಇಲ್ಲ, ಭಾವ."

"ಕೆಲ್ಸ ಅಂದ್ರೆ ಹಿಂಗಿರ್ಬೇಕು."

ಅಮ್ಮ ತಲೆ ಎತ್ತಲಿಲ್ಲ. "ರೀ, ನಿಮ್ಮ ಮೈಯಿಂದ ನೀರು ಸಿಡೀತಿದೆ. ಇನ್ನೂ ಎರಡು ಹೆಜ್ಜೆ ಆಚೆ ನಿಲ್ಲಿ."