ಗ್ಲೌಸ್ ತೊಟ್ಟ ಕೈ

"ಹೇಲು ಬಾಚೋ ಕೈಗೆ ಕುರ್ಚಿ ಬೇಕಾಯ್ತೇನೇ, ಲೌಡಿ?"

ಧಣಿ ಬಾಗಿಲಿಗೆ ಅಡ್ಡ ನಿಂತು ಕೇಳಿದ. ಪ್ರತಿ ಚುನಾವಣೆಯಲ್ಲೂ ಗೆಲ್ಲುತ್ತಲೇ ಬಂದ ಶಾಸಕ, ಊರಿಗೆಲ್ಲ ಧಣಿ. ನರ್ಸಮ್ಮ ಮಂಚದ ಮೇಲೆ ಮಲಗಿದ್ದ ಅವನ ಅವ್ವನ ಬೆನ್ನಿನ ಹುಣ್ಣಿನಿಂದ ಪಟ್ಟಿ ಬಿಚ್ಚುತ್ತಿದ್ದಳು. ಆಸ್ಪತ್ರೆಯ ಕೆಲಸ ಬಿಟ್ಟು ಅವನೆದುರೇ ಚುನಾವಣೆಗೆ ನಿಂತ ಮೇಲೂ ಹಿತ್ತಲ ಬಾಗಿಲಿಂದ ಬಂದು ಹುಣ್ಣು ತೊಳೆದು ಹೋಗುವುದನ್ನು ಬಿಟ್ಟಿರಲಿಲ್ಲ. ಮುದುಕಿ ಬೇರೆ ಯಾರ ಕೈಯನ್ನೂ ಗಾಯಕ್ಕೆ ತಾಕಿಸಗೊಡುತ್ತಿರಲಿಲ್ಲ. ಮಿಕ್ಕ ದಿನ ಕೋಣೆಯಲ್ಲಿ ಆಳುಗಳಿರುತ್ತಿದ್ದರು. ಇವತ್ತು ಯಾರೂ ಇಲ್ಲ. ಅಂಗಳದಲ್ಲಿ ಕಾರು, ಪಕ್ಕದಲ್ಲಿ ಧಣಿಯ ಭಾಮೈದ.

"ಮೂರು ಗಂಟೆಗೆ ಗಡುವು ಮುಗಿಯುತ್ತೆ. ಸುಮ್ನೆ ಕಾರು ಹತ್ತು, ನಾಮಿನೇಷನ್ ವಾಪಸ್ ತಗೊಂಡು ಬಾ. ಇಲ್ಲಾಂದ್ರೆ ಸಂಜೆ ನಿನ್ನ ಗಂಡನಿಗೇ ಪಟ್ಟಿ ಕಟ್ಟಬೇಕಾಗುತ್ತೆ. ಕಟ್ಟೋಕೆ ಏನಾದ್ರೂ ಉಳಿದಿದ್ರೆ."

ಭಾಮೈದ ಕಿಟಕಿಯಲ್ಲಿ ತಲೆ ತೂರಿಸಿ ನಕ್ಕ. "ಭಾವ, ಆಸ್ಪತ್ರೆ ಮೆಟ್ಟಿಲ ಮೇಲೆ ಹೆತ್ತವರೆಲ್ಲ ಇವಳಿಗೇ ಓಟಂತೆ!"

ಬೀಗ ಹಾಕಿದ ಆಸ್ಪತ್ರೆಯ ಆ ಮೆಟ್ಟಿಲ ಮೇಲೆ ಹೆತ್ತು ಸತ್ತವಳು ಓಟು ಹಾಕಲಾರಳು. ನರ್ಸಮ್ಮ ಅಂದುಕೊಂಡಳು; ಆ ಸಾವೇ ತನ್ನನ್ನು ಚುನಾವಣೆಗೆ ಇಳಿಸಿದ್ದು. ಹೆದರಿಕೆಯಾದಾಗ ಹೇಳಿಕೊಳ್ಳೆಂದು ಅಜ್ಜಿ ಕಲಿಸಿದ ಪದ್ಯದ ಮೊದಲ ಸಾಲೇ ಬಾಯಿಗೆ ಬರಲೊಲ್ಲದು. ಗೋಡೆಯ ಗಡಿಯಾರದಲ್ಲಿ ಎರಡೂವರೆ. ಹುಣ್ಣು ತೊಳೆಯಲು ಗ್ಲೌಸ್ ಹಾಕಿಕೊಂಡಳು.

"ನಡಿಯೇ!" ಧಣಿ ಅವಳ ರಟ್ಟೆಗೆ ಕೈ ಚಾಚಿದ.

"ಮುಟ್ಟಬೇಡಿ."

ದನಿ ತನ್ನದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. ಇಷ್ಟು ವರ್ಷ ಈ ಮನೆಯವರು ಅವಳಿಗೆ ಹೇಳುತ್ತಿದ್ದ ಮಾತದು. ಬಿಂದಿಗೆ ಮುಟ್ಟಬೇಡ, ಕುರ್ಚಿ ಮುಟ್ಟಬೇಡ.

"ನೀವು ಮುಟ್ಟಿದ್ರೆ ಕೈ ಕೊಳೆ ಆಗುತ್ತೆ, ಮತ್ತೆ ಮೊದಲಿಂದ ತೊಳೀಬೇಕು. ಹುಣ್ಣು ತೆರೆದಿದೆ. ಹೀಗೇ ಬಿಟ್ಟು ಎದ್ರೆ ನಂಜು ಮೈಗೆಲ್ಲ ಏರುತ್ತೆ. ಅಮ್ಮಾವ್ರು ಉಳಿಯಲ್ಲ."

"ಬೇಗ ಬಳಿದು ಮುಗಿಸು, ಮುಂಡೆ!"

"ಆಳನ್ನ ಆಚೆ ಕಳಿಸಿದೀರಿ. ಮಗ್ಗುಲಿಗೆ ಹಿಡಿಯೋರು ಬೇಕು. ನೀವೇ ಹಿಡೀರಿ."

ಮುದುಕಿ ನರಳಿದಳು. "ಹಿಡಿಯೋ ಮಗ. ಹೆತ್ತೋಳ ಮೈಗೆ ಹೇಸ್ತೀಯೇನೋ?"

ಧಣಿ ಹಿಡಿದ. ನಾತಕ್ಕೆ ಮುಖ ಹೊರಳಿಸಿದ. ಕೈ ಬಿಟ್ಟರೆ ಅವ್ವ ಹುಣ್ಣಿನ ಮೇಲೇ ಮಗುಚುತ್ತಾಳೆ. ನರ್ಸಮ್ಮ ತೊಳೆದಳು, ಒರೆಸಿದಳು, ಮತ್ತೆ ತೊಳೆದಳು. ಅಂಗಳದಲ್ಲಿ ಹಾರ್ನ್ ಅರಚಿತು. ಅವಳನ್ನು ಎಳೆದೊಯ್ಯಲು ನುಗ್ಗಿ ಬಂದ ಭಾಮೈದ ಹುಣ್ಣು ಕಂಡದ್ದೇ ಬಾಯಿಗೆ ಕೈಯಿಟ್ಟುಕೊಂಡು ಹೊರಗೋಡಿದ.

"ಇನ್ನೆಷ್ಟೊತ್ತೇ?"

"ಆಯ್ತು, ಆಯ್ತು."

ಗಡಿಯಾರ ಮೂರು ಹೊಡೆಯಿತು. ಅವಳು ಇನ್ನೊಂದು ಸಲ ಒರೆಸಿ, ಆಮೇಲೆ ಪಟ್ಟಿ ಅಂಟಿಸಿದಳು. ಕೆಲಸ ಮುಗಿದದ್ದೇ ತಡ, ಗ್ಲೌಸ್ ಕಳಚಿ ಎದ್ದಳು.

ಧಣಿ ಅವ್ವನನ್ನು ಮೆಲ್ಲಗೆ ಮಲಗಿಸಿದ.

"ಕಾರು ಹತ್ತು. ಮನೆಗೆ ಬಿಡ್ತಾರೆ," ಎಂದ, ಮೆತ್ತಗೆ.

"ನಡ್ಕೊಂಡು ಹೋಗ್ತೀನಿ. ನಾಳೆ ಬರ್ತೀನಿ, ಹುಣ್ಣು ದಿನಾ ತೊಳೀಬೇಕು."

ಬೀದಿಯಲ್ಲಿ ಸುಡುವ ಬಿಸಿಲು. ಅವಳನ್ನು ಕಂಡ ಅಂಗಡಿಯವರು ಒಬ್ಬೊಬ್ಬರೇ ಬಾಗಿಲೆಳೆದುಕೊಂಡರು. ಹಿಂದೆ ಧಣಿಯ ಕಾರು ಸ್ಟಾರ್ಟ್ ಆಯಿತು. ಅದು ಅವಳನ್ನು ದಾಟಿ ಹೋಗಲಿಲ್ಲ, ನಿಲ್ಲಲೂ ಇಲ್ಲ. ಹೆಜ್ಜೆಗೆ ಹೆಜ್ಜೆ ಹಾಕುತ್ತ ಬೆನ್ನಿಗೆ ಬಿತ್ತು.

ಓಡಬೇಡ ಎಂದು ಕಾಲಿಗೆ ಹೇಳಿಕೊಂಡಳು. ಕಾಲು ಇನ್ನೂ ಮಾತು ಕೇಳುತ್ತಿತ್ತು.