ಕೆಂಚನ ಮಣ್ಣು

"ಸತ್ತದ್ದು ನಾತ ಹೊಡಿಯೋತನ್ಕ ನೋಡ್ಕಂತ ಕುಂತಿರ್ತೀಯೇನ್ಲೇ, ಬೋಳಿಮಗನೆ? ಹಗ್ಗ ತಗಂಬಾ. ಕಾಲಿಗೆ ಕಟ್ಟು. ಎಳಿ!"

ವಿರೂಪಾಕ್ಷಪ್ಪ ಗೌಡರು ಜಗಲಿಯ ಮೇಲೆ ನಿಂತು ಕೂಗಿದರು. ಅವರ ಕೈಯಲ್ಲಿ ಕೋವಿ ಇನ್ನೂ ಹಾಗೇ ಇತ್ತು. ಅಂಗಳದಲ್ಲಿ ಕುದುರೆ ಬಿದ್ದಿತ್ತು. ಅದರ ತಲೆ ಜಂಪಣ್ಣನ ತೊಡೆಯ ಮೇಲಿತ್ತು. ಕಿವಿಯ ಬುಡದಿಂದ ಇಳಿದ ರಕ್ತ ಅವನ ಪಂಚೆಯನ್ನು ನೆನೆಸಿ ಚರ್ಮಕ್ಕೆ ಅಂಟಿತ್ತು. ಬೆಳಗಿನ ಬಿಸಿಲು ಏರುವ ಮೊದಲೇ ನೊಣಗಳು ಬಂದಿದ್ದವು. ಅವನು ಒಂದು ಕೈಯಲ್ಲಿ ನೊಣ ಅಟ್ಟುತ್ತ, ಇನ್ನೊಂದನ್ನು ಕುದುರೆಯ ಹಣೆಯ ಮೇಲೆ ಇಟ್ಟುಕೊಂಡಿದ್ದ. ಹಣೆ ಇನ್ನೂ ಬೆಚ್ಚಗಿತ್ತು.

"ಕಿವುಡಾಯ್ತೇನ್ಲೇ?"

"ಕೇಳುಸ್ತೈತ್ರಿ, ಗೌಡ್ರೇ."

"ಹಂಗಾರೆ ಏಳು. ನಿಮ್ ಕೇರಿ ನನ್ಮಕ್ಳನ್ನ ಕರ್ಕಂಬಾ."

"ಅವ್ರು ಬರಾದಿಲ್ರಿ."

ಬರುವುದಿಲ್ಲವೆಂದು ಗೌಡರಿಗೂ ಗೊತ್ತಿತ್ತು. ಊರಿನ ಸತ್ತ ದನ ಇನ್ನು ಎಳೆಯುವುದಿಲ್ಲ ಎಂದು ಕೇರಿಯವರು ಹೋದ ವರ್ಷವೇ ಬೇವಿನ ಮರದ ಕೆಳಗೆ ಕೂತು ತೀರ್ಮಾನ ಮಾಡಿದ್ದರು. ಅದಕ್ಕೆ ಊರು ಅವರನ್ನು ಕೂಲಿಗೆ ಕರೆಯುವುದನ್ನೇ ನಿಲ್ಲಿಸಿತು. ಗಂಡಸರು ಹೆಂಗಸರು ನಡೆದು ಸಂತೇಬೆನ್ನೂರಿನ ಆಚೆಗೆ ಕೆಲಸ ಹುಡುಕಿಕೊಂಡು ಹೋಗುವಂತಾಯಿತು. ಕೆಲಸ ಉಳಿದದ್ದು ಜಂಪಣ್ಣನೊಬ್ಬನದು. ಗೌಡರು ಕನಿಕರಪಟ್ಟು ಉಳಿಸಿಕೊಂಡದ್ದಲ್ಲ, ಆ ಕುದುರೆ ಬೇರೆ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ.

ಕುದುರೆ ಬಂದದ್ದು ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ. ಬೆಂಗಳೂರಿನ ರೇಸಿನಲ್ಲಿ ಎರಡು ಸಲ ಹಿಂದೆ ಬಿದ್ದದ್ದಕ್ಕೆ ಯಾರೋ ಮಾರಿದ್ದ ಎಳೆಯ ಗಂಡುಕುದುರೆ. ಲಾರಿಯಿಂದ ಇಳಿದಾಗ ನಡುಗುತ್ತಿತ್ತು. ಗೌಡರು ಅದಕ್ಕೆ ಪ್ರಿನ್ಸ್ ಎಂದು ಹೆಸರಿಟ್ಟರು. ಜಂಪಣ್ಣನ ನಾಲಿಗೆಗೆ ಅದು ಹತ್ತಲಿಲ್ಲ. ಮೈಬಣ್ಣ ನೋಡಿ ಕೆಂಚ ಎಂದ. ಮೊದಲ ವಾರ ಕೆಂಚ ಅವನ ಭುಜ ಕಚ್ಚಿ ಮಾಂಸ ಕಿತ್ತಿತು. ಎರಡನೇ ವಾರ ಅವನ ಅಂಗೈಯಿಂದ ನೆನೆಸಿದ ಹುರುಳಿ ತಿಂದಿತು. ಆಮೇಲೆ ಅವನ ಕೆಮ್ಮು ದಾರಿಯಲ್ಲಿ ಕೇಳಿಸಿದರೆ ಸಾಕು, ಲಾಯದೊಳಗೆ ಕಾಲು ಕುಟ್ಟುತ್ತಿತ್ತು.

ಬೆಳಗಾಗೆದ್ದು ಅವನು ಮಾಲೀಸು ಮಾಡಿ, ಮೈ ಒರೆಸಿ, ಜೀನು ಬಿಗಿದು ತಂದು ನಿಲ್ಲಿಸುತ್ತಿದ್ದ. ಗೌಡರ ತಾಯಿ ಸರ್ವಮಂಗಳಮ್ಮ ಚೊಂಬು ಹಿಡಿದು ಬಂದು ಜೀನಿನ ಮೇಲೆ ನೀರು ಚಿಮುಕಿಸುತ್ತಿದ್ದರು. ಜಂಪಣ್ಣ ಮುಟ್ಟಿದ್ದು ತೊಳೆದಾದ ಮೇಲೆ ಮಗ ಹತ್ತಬೇಕು. ನೀರು ಬಿದ್ದೊಡನೆ ಕೆಂಚ ಬೆನ್ನಿನ ಚರ್ಮವನ್ನು ಜುಮ್ಮೆನಿಸಿ ಒದರುತ್ತಿತ್ತು. ಒಂದೊಂದು ಸಲ ಆ ಹನಿ ಮುದುಕಿಯ ಮುಖಕ್ಕೇ ಹಾರುತ್ತಿತ್ತು. ಜಂಪಣ್ಣ ತಲೆ ತಗ್ಗಿಸಿ ನಗುವನ್ನು ನುಂಗಿಕೊಳ್ಳುತ್ತಿದ್ದ.

ಜಗಳೂರಿನ ಬಯಲಿನ ಪಂದ್ಯದಲ್ಲಿ ಕೆಂಚ ಗೆದ್ದಿತು. ಓಡಿಸಿದವನು ಗೌಡರ ಮಗ ಷಣ್ಮುಖ. ನ್ಯಾಮತಿಯಲ್ಲೂ ಗೆದ್ದಿತು. ಗೌಡರು ಮೀಸೆ ತಿರುವಿಕೊಂಡು ಊರೂರು ಸುತ್ತಿದರು. ನ್ಯಾಮತಿಯಿಂದ ಬಂದ ಮರುದಿನ ಕೆಂಚನ ಎಡ ಮುಂಗಾಲು ಊದಿತ್ತು. ಜಂಪಣ್ಣ ಕೈಯಿಟ್ಟು ನೋಡಿದ, ಕೆಂಡದಂತೆ ಸುಡುತ್ತಿತ್ತು.

"ಗೌಡ್ರೇ, ಕಾಲು ಕಾವೇರೈತ್ರಿ. ಒಂದ್ ತಿಂಗ್ಳು ಓಡ್ಸಾಕೆ ಹೋಗಬ್ಯಾಡ್ರಿ."

"ಬರೋ ವಾರ ಹೊನ್ನಾಳಿ ಪಂದ್ಯ ಐತೆ. ಎಮ್ಮೆಲ್ಲೆ ಬರ್ತಾನೆ. ಒಂದ್ ತಿಂಗ್ಳಂತೆ! ಕುದ್ರೆ ನಂದೋ, ನಿಮ್ಮಪ್ಪಂದೋ?"

"ಕುದ್ರೆ ನಿಮ್ದೇ ರೀ. ನೋವು ಅದ್ರುದ್ದು."

ಚಾವಟಿ ಅವನ ಕಿವಿಯಿಂದ ಕತ್ತಿನವರೆಗೆ ಬರೆ ಎಳೆಯಿತು. "ಸತ್ತ ದನದ ಕಾಲು ಎಳ್ಯಾ ಜಾತಿಗೆ ಬದ್ಕಿದ್ ಕುದ್ರೆ ಕಾಲು ಏನ್ಲೇ ತಿಳೀತೈತೆ?" ಎಂದರು ಗೌಡರು.

ಹೊನ್ನಾಳಿಯಲ್ಲಿ ಹೊಳೆ ಬತ್ತಿ ದಂಡೆಯ ಮರಳು ಬಿಸಿಲಿಗೆ ಬಿಳಿಚಿಕೊಂಡಿತ್ತು. ಪಂದ್ಯಕ್ಕೆ ಮುಂಚೆ ಯಾವನೋ ಕಾಂಪೌಂಡರ್ ಸೈಕಲ್ ಮೇಲೆ ಬಂದು ಕೆಂಚನ ಕಾಲಿಗೆ ಇಂಜೆಕ್ಷನ್ ಚುಚ್ಚಿದ. ಸ್ವಲ್ಪ ಹೊತ್ತಿಗೆ ಕುದುರೆ ಹೆದರದೆ ಕಾಲು ಊರಿತು. "ನೋಡ್ಲೇ, ಎಲ್ಲೈತೆ ನಿನ್ ನೋವು?" ಎಂದು ಗೌಡರು ನಕ್ಕರು. ಸುತ್ತ ಇದ್ದವರೂ ನಕ್ಕರು.

ಆರು ಕುದುರೆಗಳಲ್ಲಿ ಕೆಂಚನೇ ಮುಂದೆ ಇತ್ತು. ತಿರುವಿನಲ್ಲಿ ಚಟ್ ಎಂದಿತು, ಹಸಿ ಕಟ್ಟಿಗೆ ಮುರಿದ ಹಾಗೆ. ಕೆಂಚ ನಿಲ್ಲಲಿಲ್ಲ. ಜೋಮು ಹಿಡಿದ ಕಾಲಿಗೆ ತಾನು ಮುರಿದದ್ದು ತಿಳಿಯಲಿಲ್ಲ. ಇಪ್ಪತ್ತು ಮಾರು ಹಾಗೇ ಓಡಿತು. ಗೊರಸು ಜೋತಾಡುತ್ತಿತ್ತು, ಮೂಳೆ ಮರಳನ್ನು ಕುಟ್ಟುತ್ತಿತ್ತು. ಆಮೇಲೆ ಮುಗ್ಗರಿಸಿತು. ಷಣ್ಮುಖನ ಮೊಣಕೈ ತರಚಿತು. ಜನವೆಲ್ಲ ಅವನ ಕಡೆ ಓಡಿತು. ಜಂಪಣ್ಣ ಒಬ್ಬನೇ ಕುದುರೆಯ ಕಡೆ ಓಡಿದ.

ಲಾರಿಯಲ್ಲಿ ಹೇರಿಕೊಂಡು ಬಂದು ಅಂಗಳದಲ್ಲಿ ಕೆಡವಿದರು. ಮದ್ದು ಇಳಿದ ಮೇಲೆ ಕೆಂಚ ನರಳತೊಡಗಿತು. ಎರಡು ದಿನ ನರಳಿತು. ಜಂಪಣ್ಣ ಮನೆಗೆ ಹೋಗಲಿಲ್ಲ. ಬಟ್ಟೆ ಒದ್ದೆ ಮಾಡಿ ಅದರ ಬಾಯಿಗೆ ಹಿಂಡುತ್ತ ಕೂತ. ಚನ್ನಗಿರಿಯಿಂದ ದನದ ಡಾಕ್ಟರನ್ನು ಕರೆಸಿ ಎಂದು ಕಾಲಿಗೆ ಬಿದ್ದ. ಗೌಡರು ಎರಡು ದಿನವೂ ಹಿತ್ತಿಲ ಬಾಗಿಲಿನಿಂದಲೇ ಓಡಾಡಿದರು.

ಮೂರನೇ ಬೆಳಗ್ಗೆ ಸರ್ವಮಂಗಳಮ್ಮ ಒಳಗಿನಿಂದ ಕೂಗಿದರು: "ಬಾಗ್ಲ ಮುಂದೆ ಹಿಂಗೆ ಗೋಳಾಡ್ತಿದ್ರೆ ಲಿಂಗಪೂಜೆ ಹೆಂಗೆ ಮಾಡ್ಲಪ್ಪಾ?"

ಗೌಡರು ಕೋವಿ ತಂದರು.

"ಅಲ್ಲಾಡದಂಗೆ ತಲೆ ಹಿಡ್ಕ."

ಜಂಪಣ್ಣ ಹಿಡಿದ. ಹಿಡಿಯದಿದ್ದರೆ ಗುಂಡು ಎಲ್ಲೆಲ್ಲೋ ಬಿದ್ದು ಇನ್ನೂ ನರಳುತ್ತದೆಂದು ಹಿಡಿದ. "ಕೆಂಚಾ" ಎಂದ. ಕುದುರೆ ತುಟಿ ಚಾಚಿ ಅವನ ಅಂಗೈಯನ್ನು ತಡಕಾಡಿತು. ಅಂಗೈಯಲ್ಲಿ ಹುರುಳಿ ಇರಲಿಲ್ಲ. ಅಷ್ಟರಲ್ಲಿ ಗುಂಡು ಹಾರಿತು. ನಾಲ್ಕೂವರೆ ವರ್ಷದ ಕುದುರೆ. ಬಾಯಲ್ಲಿ ಕೋರೆಹಲ್ಲು ಆಗಷ್ಟೇ ಮೂಡುತ್ತಿತ್ತು.

ಈಗ ಗುಂಡಿನ ಸದ್ದು ಕೇಳಿದ ಕೇರಿಯವರೂ ಬಂದು ಗೌಡರ ಬೇಲಿಯ ಹೊರಗೆ ನಿಂತರು. ಮುಂದೆ ಹಿರಿಯ ದೊಡ್ಡಣ್ಣ, ಹಿಂದೆ ಏಳೆಂಟು ಗಂಡಸರು. ಹೆಂಗಸರ ನಡುವೆ ಜಂಪಣ್ಣನ ಹೆಂಡತಿ ತಿಪ್ಪಮ್ಮ.

"ಬಂದ್ರಲ್ಲ! ಎಳ್ಕಂಡೋಗಿ ನಿಮ್ ಕೇರಿ ಹಳ್ಳಕ್ಕೆ ಬಿಸಾಕ್ರಿ. ಚರ್ಮ ನಿಮಗೇ ಬಿಟ್ಟೀನಿ," ಎಂದರು ಗೌಡರು.

"ಆ ಹಳ್ಳದ ಒರತೆ ನೀರೇ ನಾವು ಕುಡಿಯಾದ್ರಿ," ದೊಡ್ಡಣ್ಣ ನಿಧಾನವಾಗಿ ಹೇಳಿದ. "ಎಳ್ಯಾದಂತೂ ಇಲ್ಲ. ಮಾತಂದ್ರೆ ಮಾತು."

"ಏನ್ಲೇ ಮಾತು? ಮಾದಿಗ್ರಿಗೆ ಯಾವಾಗಿಂದ ಬಂತಲೇ ಮಾತು?"

ದೊಡ್ಡಣ್ಣ ಗೌಡರಿಂದ ಮುಖ ತಿರುಗಿಸಿದ. ಜಂಪಣ್ಣನನ್ನು ನೋಡಿದ. "ಜಂಪಾ, ಅದು ನೀ ಸಾಕಿದ್ದು. ನಿನ್ ಸಂಕ್ಟ ನಮಗೂ ತಿಳೀತೈತೆ. ಹಗ್ಗ ಹಾಕಿ ಎಳಿಯಾಕೆ ಮಾತ್ರ ನಮ್ಮನ್ನ ಕರೀಬ್ಯಾಡಪ್ಪ. ನೀ ಎಳದ್ರೂ ನಾವು ಬೈಯಾದಿಲ್ಲ."

ಬೈದಿದ್ದರೆ ಎಷ್ಟೋ ಸುಲಭವಾಗಿತ್ತು ಎನಿಸಿತು ಜಂಪಣ್ಣನಿಗೆ. ಕೇರಿಯವರು ವರ್ಷವಿಡೀ ಗಂಜಿಗೆ ಪರದಾಡುವಾಗ ಅವನೊಬ್ಬ ಇಲ್ಲಿ ಕುದುರೆ ತಿಕ್ಕುತ್ತ ಎರಡು ಹೊತ್ತು ಉಂಡಿದ್ದ. ಯಾರೂ ಅದನ್ನು ಎತ್ತಿ ಆಡಿರಲಿಲ್ಲ. ಈಗ ಕೆಂಚನನ್ನು ಬಿಟ್ಟು ಎದ್ದುಹೋದರೆ ಮಧ್ಯಾಹ್ನದೊಳಗೆ ನಾಯಿಗಳು ಬರುತ್ತವೆ. ಹಗ್ಗ ಕಟ್ಟಿದರೆ ಆ ಮುರಿದ ಕಾಲು ಕಲ್ಲಿಗೆ ಬಡಿಯುತ್ತ ಕೇರಿಯವರೆಗೂ ಹೋಗುತ್ತದೆ, ಬೇವಿನ ಮರದ ಕೆಳಗಿನ ಮಾತೂ ಅದರ ಹಿಂದೆ ಮಣ್ಣುಪಾಲಾಗುತ್ತದೆ.

"ಎದ್ದೇಳ್ಲೇ, ಸೂಳೆಮಗನೆ!"

ಜಂಪಣ್ಣ ಹೆಗಲ ಮೇಲಿನ ಕಂಬಳಿಯನ್ನು ಮಡಿಚಿ, ಕುದುರೆಯ ತಲೆಯನ್ನು ಅದರ ಮೇಲೆ ಇಳಿಸಿ ಎದ್ದ. ಕಾಲು ಮರಗಟ್ಟಿದ್ದವು. ಕುಂಟುತ್ತ ಲಾಯದ ಕಡೆ ನಡೆದ.

"ಹಂಗೆ ಬಾ ದಾರಿಗೆ," ಎಂದರು ಗೌಡರು. "ಉದ್ದನ್ ಹಗ್ಗ ತಗಾ."

ಅವನು ಹೊರಗೆ ಬಂದಾಗ ಕೈಯಲ್ಲಿ ಹಾರೆ ಇತ್ತು. ಕುದುರೆಯ ಬೆನ್ನಿನ ಪಕ್ಕ, ಸಗಣಿ ಸಾರಿಸಿದ ಅಂಗಳದ ನಟ್ಟನಡುವೆ ನಿಂತು ಹಾರೆಯನ್ನು ಎತ್ತಿ ಹಾಕಿದ. ಗಟ್ಟಿ ನೆಲ ಠಣ್ ಎಂದಿತು. ಇನ್ನೊಮ್ಮೆ ಹಾಕಿದ. ಹೆಂಟೆ ಎದ್ದಿತು.

"ಏಯ್! ಏನ್ಲೇ ಮಾಡ್ತಿದೀಯಾ?"

"ಮಣ್ಣು ಮಾಡ್ತಿದೀನ್ರಿ."

"ನನ್ ಬಾಗ್ಲ ಮುಂದೆ? ಲೇ, ಸುಡ್ತೀನಿ!" ಗೌಡರು ಕೋವಿ ಎತ್ತಿ ಅವನ ಎದೆಗೆ ಹಿಡಿದರು. ಒಳಗೆ ಸರ್ವಮಂಗಳಮ್ಮನ ಗಂಟೆಯ ಸದ್ದು ನಿಂತಿತು. ಬೇಲಿಯ ಹೊರಗೆ ಯಾರೂ ಅಲುಗಲಿಲ್ಲ.

ಜಂಪಣ್ಣ ಹಾರೆಯನ್ನು ಊರಿಕೊಂಡು ತಲೆಯೆತ್ತಿದ. ಗೌಡರ ಮುಖವನ್ನು ಇಷ್ಟು ನೇರವಾಗಿ ಅವನು ಯಾವತ್ತೂ ನೋಡಿರಲಿಲ್ಲ.

"ಇನ್ನೊಂದ್ ಗುಂಡು ಐತೇನ್ರಿ ಅದ್ರಾಗೆ? ಇದ್ರೆ ಈಗ್ಲೇ ಹೇಳ್ರಿ, ಗೌಡ್ರೇ. ಗುಂಡಿ ಒಂಚೂರು ಅಗ್ಲ ತೋಡ್ತೀನಿ."

ಹಾರೆ ಮತ್ತೆ ಎದ್ದು ಬಿತ್ತು.

ಬೇಲಿಯ ಬಳಿ ಬಳೆ ಸದ್ದಾಯಿತು. ತಿಪ್ಪಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದಳು. ಲಾಯದ ಗೋಡೆಗೆ ಒರಗಿಸಿದ್ದ ಸಗಣಿ ಪುಟ್ಟಿಯನ್ನು ಎತ್ತಿಕೊಂಡು, ಗಂಡ ಅಗೆದು ಹಾಕಿದ ಮಣ್ಣನ್ನು ಎರಡೂ ಕೈಯಲ್ಲಿ ಬಾಚಿ ಬಾಚಿ ತುಂಬಿದಳು. ತುಂಬಿದ ಪುಟ್ಟಿಯನ್ನು ತಲೆಗೇರಿಸಿ ಸುತ್ತ ನೋಡಿದಳು, ಎಲ್ಲಿ ಸುರಿಯಲಿ ಎನ್ನುವ ಹಾಗೆ. ಆಮೇಲೆ ಕೋವಿಯ ತುದಿಯನ್ನು ಹಾಯ್ದು ಮೂರು ಮೆಟ್ಟಿಲು ಹತ್ತಿ, ಗೌಡರ ಜಗಲಿಯ ಮೇಲೆ, ಅವರ ಬರಿಗಾಲ ಮುಂದೆ, ಅಷ್ಟೂ ಮಣ್ಣನ್ನು ಸುರಿದಳು.